ನಿರ್ಧಾರ ಅವಳದು, ಜೊತೆಗಿರಬೇಕಾದವರು ನಾವು

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಮಾತುಗಳ ಬರಹರೂಪ)



ಇವತ್ತಿನ ವಿಷಯ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಮಾತಾಡುವಂಥದ್ದಲ್ಲ. ಮದುವೆ, ಸೀಮಂತ, ನಾಮಕರಣ ಇವುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಆದರೆ ಬಸಿರು ನಿಂತಿದೆ, ಅದನ್ನು ಉಳಿಸಿಕೊಳ್ಳಬೇಕೋ ಬೇಡವೋ ಗೊತ್ತಾಗುತ್ತಿಲ್ಲ ಎಂದು ಒಬ್ಬ ಹೆಣ್ಣುಮಗಳು ಹೇಳಿದರೆ ಮನೆಯಲ್ಲಿ ಮೌನ ಆವರಿಸುತ್ತದೆ. ಆ ಮೌನದಲ್ಲಿ ವಾರಗಳು ಉರುಳುತ್ತವೆ. ವಾರಗಳು ಉರುಳಿದಷ್ಟೂ ಅವಳ ಮುಂದಿರುವ ದಾರಿಗಳು ಕಡಿಮೆಯಾಗುತ್ತವೆ. ಅದಕ್ಕೇ ಇವತ್ತು ಈ ಮಾತು.

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಗರ್ಭಪಾತ ಮಾಡಿಸಿಕೊಳ್ಳಿ ಎಂದಾಗಲೀ, ಮಾಡಿಸಿಕೊಳ್ಳಬೇಡಿ ಎಂದಾಗಲೀ ಹೇಳಲು ನಾನು ಬಂದಿಲ್ಲ. ಅದು ರೇಡಿಯೊ ಹೇಳುವ ಮಾತಲ್ಲ, ನೆರೆಮನೆಯವರು ಹೇಳುವ ಮಾತೂ ಅಲ್ಲ. ಆ ನಿರ್ಧಾರ ಮಾಡಬೇಕಾದವಳಿಗೆ ಏನೇನು ಗೊತ್ತಿರಬೇಕು, ಅವಳ ಪಕ್ಕದಲ್ಲಿ ಯಾರಿರಬೇಕು, ಹೇಗಿರಬೇಕು ಎಂಬುದಷ್ಟೇ ಇವತ್ತಿನ ಮಾತು.

ನಾಗಪುರದಲ್ಲಿರುವ ನಮ್ಮಂಥ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಕಷ್ಟವೂ ಸೇರಿಕೊಳ್ಳುತ್ತದೆ. ಬ್ಯಾಂಕಿನ ವರ್ಗಾವಣೆಯ ಮೇಲೆ, ರೈಲ್ವೆ ಕೆಲಸಕ್ಕೆ, ಮಿಹಾನಿನ ಕಂಪೆನಿಗಳಿಗೆ, ಕಾಲೇಜು ಓದಿಗೆ ಎಂದು ಬಂದವರು ನಾವು. ತಾಯಿ ಇರುವ ಊರು ರೈಲಿನಲ್ಲಿ ಇಡೀ ರಾತ್ರಿಯ ದಾರಿ. ಡಾಕ್ಟರರ ಕೊಠಡಿಯಲ್ಲಿ ಮಾತು ಮರಾಠಿ ಅಥವಾ ಹಿಂದಿ. ತರಕಾರಿ ಕೊಳ್ಳಲು, ಆಟೊ ಹಿಡಿಯಲು ಸಾಲುವ ಹಿಂದಿ, ಹೊಟ್ಟೆಯೊಳಗಿನ ಸಂಕಟ ಹೇಳಲು ಸಾಲುವುದಿಲ್ಲ. ಕನ್ನಡ ಬಲ್ಲವರ ಹತ್ತಿರ ಹೇಳೋಣವೆಂದರೆ ಇಲ್ಲಿರುವ ನಾಲ್ಕು ಮನೆಗಳಲ್ಲಿ ಸುದ್ದಿ ಹಬ್ಬೀತೆಂಬ ಭಯ. ಭಾಷೆ ಗೊತ್ತಿರುವ ಕಡೆ ಗುಟ್ಟು ಉಳಿಯುವುದಿಲ್ಲ, ಗುಟ್ಟು ಉಳಿಯುವ ಕಡೆ ಭಾಷೆ ಗೊತ್ತಿಲ್ಲ. ಪರಊರಿನ ಹೆಣ್ಣುಮಗಳ ಪಾಡು ಇದು.

ಪರಊರು ಎಂದಾಗ ನಮ್ಮ ಬೆಳಗಾವಿಯ ಮಗಳೊಬ್ಬಳನ್ನು ನೆನೆಯದೆ ಮುಂದೆ ಹೋಗುವುದು ಕಷ್ಟ. ಸವಿತಾ ಹಾಲಪ್ಪನವರ ಹೆಸರನ್ನು ನೀವು ಕೇಳಿರುತ್ತೀರಿ. ಬೆಳಗಾವಿಯಲ್ಲಿ ಬೆಳೆದು ದಂತವೈದ್ಯೆಯಾದವಳು. ಗಂಡನ ಜೊತೆ ಐರ್ಲೆಂಡಿನ ಗಾಲ್ವೇ ನಗರದಲ್ಲಿದ್ದಳು. 2012ರ ಅಕ್ಟೋಬರ್‌ನಲ್ಲಿ ಅವಳಿಗೆ 17 ವಾರ ತುಂಬಿತ್ತು. ಅದು ಬಯಸಿ ಆದ ಬಸಿರು. ಅಕ್ಟೋಬರ್ 21ರಂದು ಬೆನ್ನುನೋವೆಂದು ಆಸ್ಪತ್ರೆಗೆ ಹೋದಳು. ಗರ್ಭ ಉಳಿಯುವುದಿಲ್ಲ ಎಂದು ಡಾಕ್ಟರರು ಹೇಳಿದರು. ಹಾಗಿದ್ದರೆ ತೆಗೆದುಬಿಡಿ ಎಂದು ಅವಳು ಕೇಳಿಕೊಂಡಳು. ಶಿಶುವಿನ ಎದೆಬಡಿತ ಇನ್ನೂ ಇದೆ, ಅದು ನಿಲ್ಲುವವರೆಗೆ ಏನೂ ಮಾಡಲಾಗದು ಎಂಬ ಉತ್ತರ ಬಂತು. ಕಾದರು. ಸೋಂಕು ರಕ್ತಕ್ಕೆ ಹಬ್ಬಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡಳು. ಆಗ ಅವಳಿಗೆ 31 ವರ್ಷ.

ಆಮೇಲೆ ತನಿಖೆ ನಡೆಯಿತು. ಸೋಂಕನ್ನು ಸಮಯಕ್ಕೆ ಸರಿಯಾಗಿ ಗಮನಿಸದ ಲೋಪವೂ ಇತ್ತು, ಕಾನೂನು ಏನು ಹೇಳುತ್ತದೋ ಎಂಬ ಅಳುಕೂ ಇತ್ತು ಎಂದು 2013ರ ವರದಿಯಿಂದ ತಿಳಿಯಿತು. 1983ರಿಂದ ಐರ್ಲೆಂಡಿನ ಸಂವಿಧಾನದಲ್ಲಿ ತಾಯಿಯ ಜೀವಕ್ಕೂ ಗರ್ಭದಲ್ಲಿರುವ ಜೀವಕ್ಕೂ ಸಮಾನ ಹಕ್ಕು ಎಂಬ ತಿದ್ದುಪಡಿ ಇತ್ತು. 2018ರ ಮೇ 25ರಂದು ಅಲ್ಲಿನ ಜನ ಅದನ್ನು ತೆಗೆದುಹಾಕಲು ಮತ ಹಾಕಿದರು. ಪರವಾಗಿ ಬಿದ್ದ ಮತ ಶೇಕಡ 66.4. ಆ ಪ್ರಚಾರದ ಉದ್ದಕ್ಕೂ ಗೋಡೆಗಳ ಮೇಲೆ ಇದ್ದದ್ದು ನಮ್ಮ ಸವಿತಾಳ ಚಿತ್ರ. ಬೆಳಗಾವಿಯಲ್ಲಿದ್ದ ಅವಳ ತಂದೆತಾಯಿ, ನಮ್ಮ ಮಗಳಿಗೆ ಆದದ್ದು ಇನ್ನೊಬ್ಬರ ಮಗಳಿಗೆ ಆಗಬಾರದು ಎಂದು ಅಲ್ಲಿನ ಮತದಾರರನ್ನು ಕೇಳಿಕೊಂಡರು. 2019ರ ಜನವರಿ 1ರಿಂದ ಹೊಸ ಕಾನೂನಿನ ಪ್ರಕಾರ ಅಲ್ಲಿ ಸೇವೆ ಶುರುವಾಯಿತು.

ಸವಿತಾಳಿಂದ ನಾವು ಕಲಿಯಬೇಕಾದದ್ದು ಎರಡು. ಗರ್ಭಪಾತದ ಪ್ರಶ್ನೆ ಎದುರಾಗುವುದು ಮಗು ಬೇಡವೆನ್ನುವವರಿಗೆ ಮಾತ್ರವಲ್ಲ, ಮಗುವಿಗಾಗಿ ಹಂಬಲಿಸಿದವರಿಗೂ ಎದುರಾಗುತ್ತದೆ. ಎರಡನೆಯದು, ಅವಳಿಗೆ ಬೇಕಾಗಿದ್ದುದು ಏನೆಂದು ಅವಳಿಗೆ ಗೊತ್ತಿತ್ತು, ಬಾಯಿಬಿಟ್ಟು ಕೇಳಿದ್ದಳು ಕೂಡ. ಕೇಳಿಸಿಕೊಂಡು ಸಮಯಕ್ಕೆ ನಡೆದುಕೊಳ್ಳುವವರು ಇರಲಿಲ್ಲ.

ಅಂಥ ಕಾನೂನು ನಮ್ಮ ದೇಶದಲ್ಲಿಲ್ಲ, ನಮಗೇನು ಭಯ ಎನ್ನಬಹುದು. ನಿಜ, ನಮ್ಮಲ್ಲಿ ಬಹಳ ಹಿಂದೆಯೇ ದಾರಿ ತೆರೆದಿದೆ. 1860ರ ದಂಡಸಂಹಿತೆಯ ಪ್ರಕಾರ, ತಾಯಿಯ ಜೀವ ಉಳಿಸಲು ಬಿಟ್ಟರೆ ಬೇರೆ ಯಾವ ಕಾರಣಕ್ಕೂ ಗರ್ಭ ತೆಗೆಸಿಕೊಳ್ಳುವುದು ಅಪರಾಧವಾಗಿತ್ತು, ತೆಗೆಸಿಕೊಂಡ ಹೆಂಗಸೂ ಅಪರಾಧಿಯೇ. ಕದ್ದುಮುಚ್ಚಿ ನಾಟಿ ಮದ್ದಿಗೆ, ಕಡ್ಡಿಗೆ ಹೋಗಿ ಸತ್ತವರು ಎಷ್ಟೋ. 1964ರಲ್ಲಿ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಆ ಸಮಿತಿಯ ವರದಿಯ ಮೇಲೆ 1971ರಲ್ಲಿ ವೈದ್ಯಕೀಯ ಗರ್ಭಸಮಾಪನ ಕಾಯಿದೆ ಬಂತು. ಆಸ್ಪತ್ರೆಗಳಲ್ಲಿ ಎಂಟಿಪಿ ಎಂದು ಕರೆಯುವುದು ಇದನ್ನೇ. 2021ರ ಸೆಪ್ಟೆಂಬರ್ 24ರಿಂದ ಅದರ ತಿದ್ದುಪಡಿ ಜಾರಿಯಲ್ಲಿದೆ.

ಆದರೆ ಕಾನೂನು ಇರುವುದು ಬೇರೆ, ಅದು ನಮ್ಮ ಮನೆಬಾಗಿಲಿಗೆ ಬರುವುದು ಬೇರೆ. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳು ಆದವೆಂದು ಲ್ಯಾನ್ಸೆಟ್ ಪತ್ರಿಕೆಗಳ ಬಳಗದಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವುಗಳಲ್ಲಿ ಸುಮಾರು ಶೇಕಡ 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆ ತಂದು ನುಂಗಿ ಆದವು. ಅಂದರೆ ಹಕ್ಕಿದ್ದೂ ಹೆಚ್ಚಿನ ಹೆಂಗಸರು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ನಾಚಿಕೆ, ಭಯ, ಖರ್ಚು, ಗಂಡನ ಸಹಿ ಕೇಳುತ್ತಾರೆಂಬ ಅಳುಕು, ಕಾರಣ ಏನೇ ಇರಲಿ, ಅವರ ಜೊತೆ ಯಾರೂ ಇರಲಿಲ್ಲ ಎಂಬುದು ಮಾತ್ರ ಕಾಣುತ್ತದೆ.

ಈಗ ಕಾನೂನು ಏನು ಹೇಳುತ್ತದೆ ಎಂಬುದನ್ನು ಸರಳವಾಗಿ ನೋಡೋಣ. ಪೆನ್ನು ಕಾಗದ ಇದ್ದರೆ ಬರೆದುಕೊಳ್ಳಿ.

20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಬಸಿರಿನಿಂದ ಹೆಂಗಸಿನ ದೇಹಕ್ಕೋ ಮನಸ್ಸಿಗೋ ಗಂಭೀರ ತೊಂದರೆಯಾಗಬಹುದು, ಅಥವಾ ಮಗುವಿಗೆ ಗಂಭೀರ ನ್ಯೂನತೆ ಇರಬಹುದು ಎಂದು ವೈದ್ಯರಿಗೆ ಅನ್ನಿಸಬೇಕು. ಗರ್ಭನಿರೋಧಕ ಸಾಧನ ವಿಫಲವಾಗಿ ಬಸಿರಾದರೆ ಅದರಿಂದಾಗುವ ಸಂಕಟವನ್ನೂ ಮನಸ್ಸಿನ ಗಂಭೀರ ತೊಂದರೆ ಎಂದೇ ಕಾನೂನು ಪರಿಗಣಿಸುತ್ತದೆ. ಹಿಂದೆ ಆ ಜಾಗದಲ್ಲಿ ವಿವಾಹಿತ ಹೆಂಗಸು, ಗಂಡ ಎಂಬ ಪದಗಳಿದ್ದವು. 2021ರ ತಿದ್ದುಪಡಿ ಅವನ್ನು ತೆಗೆದು ಹೆಂಗಸು, ಅವಳ ಸಂಗಾತಿ ಎಂದು ಬರೆಯಿತು.

20ರಿಂದ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಮತ್ತು ಇದು ಕೆಲವು ವರ್ಗದವರಿಗೆ ಮಾತ್ರ. ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಬಸಿರಿದ್ದಾಗಲೇ ಗಂಡನನ್ನು ಕಳೆದುಕೊಂಡವರು ಅಥವಾ ವಿಚ್ಛೇದನವಾದವರು, ಅಂಗವೈಕಲ್ಯ ಇರುವವರು, ಮಾನಸಿಕ ಕಾಯಿಲೆ ಇರುವವರು, ಶಿಶುವಿನಲ್ಲಿ ಗಂಭೀರ ದೋಷ ಕಂಡುಬಂದವರು, ನೆರೆಯಂಥ ವಿಪತ್ತಿನಲ್ಲಿ ಸಿಕ್ಕಿಕೊಂಡವರು ಇದರಲ್ಲಿ ಬರುತ್ತಾರೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ಪೀಠದಲ್ಲಿ ಕೊಡಗಿನವರಾದ ನ್ಯಾಯಮೂರ್ತಿ ಎ. ಎಸ್. ಬೋಪಣ್ಣ ಅವರೂ ಇದ್ದರು. ಗಂಡನೇ ಬಲಾತ್ಕಾರ ಮಾಡಿ ಆದ ಬಸಿರನ್ನೂ ಈ ಕಾಯಿದೆಯ ಮಟ್ಟಿಗೆ ಅತ್ಯಾಚಾರವೆಂದೇ ತಿಳಿಯಬೇಕೆಂದು ಅದೇ ತೀರ್ಪು ಹೇಳಿತು.

24 ವಾರ ದಾಟಿದ ಮೇಲೆ, ಶಿಶುವಿನಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ನೋಡಿ ನಿರ್ಧರಿಸುತ್ತದೆ. ಹೆಂಗಸಿನ ಜೀವ ಉಳಿಸಲು ತಕ್ಷಣ ಬೇಕಾದರೆ ಮಾತ್ರ ವಾರದ ಮಿತಿಯಿಲ್ಲ. ಮೇಲೆ ಹೇಳಿದ ಸವಿತಾಳ ಸ್ಥಿತಿಯಲ್ಲಿ ಇರುವವಳಿಗೆ ನಮ್ಮ ಕಾನೂನು ಕಾಯಿರಿ ಎನ್ನುವುದಿಲ್ಲ.

ಇನ್ನು ಸಹಿಯ ಪ್ರಶ್ನೆ. 18 ತುಂಬಿದ ಹೆಂಗಸಿಗೆ ಅವಳದೊಂದೇ ಒಪ್ಪಿಗೆ ಸಾಕು. ಗಂಡನ ಸಹಿ ಬೇಡ, ಅತ್ತೆಯ ಸಹಿ ಬೇಡ, ತಂದೆಯ ಸಹಿಯೂ ಬೇಡ. ಗಂಡನ ಸಹಿ ಕೇಳುವ ಆಸ್ಪತ್ರೆಗಳು ಇಂದಿಗೂ ಇವೆ. ಅದು ಅವರ ರೂಢಿ, ಕಾನೂನಲ್ಲ. ನೀವು ಸಮಾಧಾನವಾಗಿಯೇ, ಫಾರ್ಮ್ ಸಿ ಕೊಡಿ, ನನ್ನ ಒಪ್ಪಿಗೆ ನಾನು ಬರೆಯುತ್ತೇನೆ ಎನ್ನಬಹುದು. ಒಪ್ಪಿಗೆಪತ್ರದ ಹೆಸರು ಅದು. 18 ತುಂಬದವರಿಗೆ, ಮಾನಸಿಕ ಕಾಯಿಲೆ ಇರುವವರಿಗೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು. ನಿಮ್ಮ ಹೆಸರನ್ನು ಹೊರಗೆ ಹೇಳುವುದು ಅಪರಾಧ. ಕಾಯಿದೆಯ ಪ್ರಕಾರ ಅದಕ್ಕೆ ಒಂದು ವರ್ಷದವರೆಗೆ ಸಜೆಯಾಗಬಹುದು.

18 ತುಂಬದ ಹುಡುಗಿಯಾದರೆ ಡಾಕ್ಟರರು ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಆ ಭಯಕ್ಕೆ ಎಷ್ಟೋ ತಾಯಂದಿರು ಮಗಳನ್ನು ಆಸ್ಪತ್ರೆಗೆ ಕರೆತರುವುದಿಲ್ಲ. ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಾಗಿಲ್ಲ ಎಂದು 2022ರ ಅದೇ ತೀರ್ಪು ಹೇಳಿದೆ. ದಯವಿಟ್ಟು ಇದನ್ನು ನೆನಪಿಡಿ.

ನಮ್ಮ ಊರಿನ ಒಂದು ಪ್ರಕರಣವನ್ನೂ ಹೇಳಬೇಕು. 2022ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮುಂದೆ ಒಬ್ಬ ಹುಡುಗಿಯ ಅರ್ಜಿ ಬಂತು. ವಯಸ್ಸು 18 ತುಂಬಿರಲಿಲ್ಲ. ಕೊಲೆಯ ಆರೋಪದ ಮೇಲೆ ವೀಕ್ಷಣಾಲಯದಲ್ಲಿದ್ದಳು. ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆದು ಬಸಿರಾಗಿರುವುದು ಆಮೇಲೆ ಗೊತ್ತಾಯಿತು. ಆಗ 16 ವಾರ. ನ್ಯಾಯಾಲಯ ಅವಳ ಅರ್ಜಿಯನ್ನು ಒಪ್ಪಿತು. ಹೆರಲೇಬೇಕೆಂದು ಅವಳನ್ನು ಬಲವಂತಪಡಿಸಲಾಗದು, ಆ ಆಯ್ಕೆ ಅವಳ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂಬುದು ಆ ಆದೇಶದ ತಿರುಳು. ಯೋಚಿಸಿ ನೋಡಿ. ಕೊಲೆಯ ಆರೋಪ ಹೊತ್ತು ಬಂಧನದಲ್ಲಿರುವ ಹುಡುಗಿಗೂ ಈ ವಿಷಯದಲ್ಲಿ ಮಾತಿದೆ ಎಂದ ಮೇಲೆ, ನಮ್ಮ ನಿಮ್ಮ ಮನೆಯ ಸೊಸೆಗೆ, ಮಗಳಿಗೆ ಇಲ್ಲವೇ?

ಈಗ ವಾರದ ಲೆಕ್ಕಕ್ಕೆ ಬರೋಣ. ಹೆಚ್ಚಿನವರು ತಪ್ಪುವುದು ಇಲ್ಲೇ. ಬಸಿರಿನ ವಾರಗಳನ್ನು ಎಣಿಸುವುದು ಗಂಡಹೆಂಡಿರು ಸೇರಿದ ದಿನದಿಂದ ಅಲ್ಲ, ಮುಟ್ಟು ತಪ್ಪಿದ ದಿನದಿಂದಲೂ ಅಲ್ಲ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. ತಿಂಗಳಿಗೆ ಸರಿಯಾಗಿ ಮುಟ್ಟಾಗುವವಳಿಗೆ ಮುಟ್ಟು ತಪ್ಪಿತು ಎಂದು ಅನ್ನಿಸುವ ದಿನವೇ ಸುಮಾರು 4 ವಾರ ಆಗಿರುತ್ತದೆ. ಇನ್ನೆರಡು ವಾರ ನೋಡೋಣ ಎಂದು ಕಾದರೆ 6 ವಾರ. ಮಾತ್ರೆಯಿಂದ ಮುಗಿಸಬಹುದಾದ ಅವಧಿ ನಮ್ಮ ದೇಶದ ನಿಯಮದಂತೆ 9 ವಾರ. ಅಂದರೆ ಉಳಿಯುವುದು ಮೂರೇ ವಾರ. ಆದ್ದರಿಂದ ಬೇಕೋ ಬೇಡವೋ ಎಂದು ನಿರ್ಧರಿಸುವ ಮುಂಚೆಯೇ ಪರೀಕ್ಷೆ ಮಾಡಿಸಿಕೊಂಡು, ಎಷ್ಟು ವಾರ ಎಂದು ತಿಳಿದುಕೊಳ್ಳಿ. ಡಾಕ್ಟರರ ಬಳಿಗೆ ಹೋದ ಮಾತ್ರಕ್ಕೆ ಗರ್ಭಪಾತಕ್ಕೆ ಒಪ್ಪಿದಂತಲ್ಲ. ಯೋಚಿಸಲು ಎಷ್ಟು ದಿನ ಇದೆ ಎಂದು ಗೊತ್ತಾದರೆ ನಿಶ್ಚಿಂತೆಯಿಂದ ಯೋಚಿಸಬಹುದು.

ಮೊಲೆಯೂಡಿಸುವ ತಾಯಂದಿರು ಇನ್ನೂ ಎಚ್ಚರವಾಗಿರಬೇಕು. ಮುಟ್ಟು ಬಂದಿಲ್ಲವೆಂದು ಬಸಿರಾಗುವುದಿಲ್ಲ ಎಂದುಕೊಳ್ಳಬೇಡಿ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ತಾಯಿಯ ಕಥೆ ಅದೇ. ಇಬ್ಬರು ಮಕ್ಕಳಿದ್ದರು, ಎರಡನೆಯ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದಳು. ಹಾಲೂಡಿಸುವಾಗ ಮುಟ್ಟಿಲ್ಲದ ಕಾರಣ ಮೂರನೆಯ ಬಸಿರು ತಡವಾಗಿ ಗೊತ್ತಾಯಿತು. ನ್ಯಾಯಾಲಯದಲ್ಲಿ ವಾದ ನಡೆಯುತ್ತಿರುವಾಗ 26 ವಾರ ದಾಟಿತು. ಶಿಶುವಿನಲ್ಲಿ ದೋಷವಿಲ್ಲ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ ಎಂದು ಅಕ್ಟೋಬರ್ 16ರಂದು ನ್ಯಾಯಾಲಯ ಅನುಮತಿ ನಿರಾಕರಿಸಿತು. ಕೆಲವು ವಾರಗಳ ಹಿಂದೆ ಒಬ್ಬ ಡಾಕ್ಟರರ ಕೊಠಡಿಯಲ್ಲಿ ಮುಗಿಯಬಹುದಾಗಿದ್ದ ಮಾತು ದೇಶದ ಅತಿ ದೊಡ್ಡ ನ್ಯಾಯಾಲಯದವರೆಗೆ ಹೋಗಿಯೂ ಆಗಲಿಲ್ಲ.

ಇನ್ನು ನಿರ್ಧಾರದ ಮಾತು. ಇದಕ್ಕೆ ಸೂತ್ರವಿಲ್ಲ. ಆದರೂ ಒಬ್ಬಳೇ ಕುಳಿತಾಗ ಕೇಳಿಕೊಳ್ಳಬಹುದಾದ ಕೆಲವು ಪ್ರಶ್ನೆಗಳಿವೆ. ಯಾರೂ ಏನೂ ಅನ್ನುವುದಿಲ್ಲ ಎಂದಾಗಿದ್ದರೆ ನಾನು ಏನು ಮಾಡುತ್ತಿದ್ದೆ? ನನ್ನ ಆರೋಗ್ಯ ಹೇಗಿದೆ? ಮನೆಯಲ್ಲಿ ನಾನು ಸುರಕ್ಷಿತವಾಗಿದ್ದೇನೆಯೇ? ಈಗಿರುವ ಮಕ್ಕಳನ್ನು, ಕೆಲಸವನ್ನು, ಓದನ್ನು ಹೇಗೆ ತೂಗಿಸುತ್ತೇನೆ? ಈ ಮಗು ಬಂದರೆ ನನ್ನ ಜೊತೆ ನಿಜವಾಗಿ ಯಾರು ಇರುತ್ತಾರೆ, ಬಾಯಿಮಾತಿಗೆ ಯಾರು? ನನಗೆ ಮಗು ಬೇಡವೋ, ಅಥವಾ ಮಗು ಬೇಕು, ಈ ಪರಿಸ್ಥಿತಿ ಬೇಡವೋ? ಈ ಕೊನೆಯ ಪ್ರಶ್ನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಪರಿಸ್ಥಿತಿ ಬದಲಾಯಿಸಬಹುದಾದರೆ ಒಂದು ಉತ್ತರ, ಆಗದಿದ್ದರೆ ಇನ್ನೊಂದು. ಉತ್ತರಗಳನ್ನು ಕಾಗದದ ಮೇಲೆ ಬರೆದಿಟ್ಟು, ಎರಡು ದಿನ ಬಿಟ್ಟು ಓದಿ. ನಿಮ್ಮ ಕೈಬರಹವೇ ನಿಮಗೆ ಏನೋ ಹೇಳೀತು.

ಆಮೇಲೆ ಪಶ್ಚಾತ್ತಾಪವಾದರೆ ಎಂಬ ಭಯ ಬಹಳ ಜನರಿಗೆ. ಅಮೆರಿಕದಲ್ಲಿ 30 ಚಿಕಿತ್ಸಾಲಯಗಳಿಗೆ ಬಂದಿದ್ದ ಸುಮಾರು ಸಾವಿರ ಹೆಂಗಸರನ್ನು ಸಂಶೋಧಕರು ಐದು ವರ್ಷಗಳ ಕಾಲ ಮಾತಾಡಿಸುತ್ತ ಹೋದರು. ಗರ್ಭಪಾತ ಮಾಡಿಸಿಕೊಂಡವರಲ್ಲಿ ಶೇಕಡ 95ಕ್ಕೂ ಹೆಚ್ಚು ಜನ, ಅದು ತಮಗೆ ಸರಿಯಾದ ನಿರ್ಧಾರವಾಗಿತ್ತು ಎಂದರು. ಅವರಲ್ಲೂ ಎಷ್ಟೋ ಜನರಿಗೆ ನಿರ್ಧಾರ ಮಾಡುವುದು ಕಷ್ಟವಾಗಿತ್ತು. ಅಮೆರಿಕದ ಬದುಕು ನಮ್ಮದಲ್ಲ, ಆ ಅಂಕಿ ನಿಮ್ಮ ನಿರ್ಧಾರವನ್ನು ಮಾಡಿಕೊಡುವುದೂ ಇಲ್ಲ. ಆದರೆ ಕಷ್ಟಪಟ್ಟು ಮಾಡಿದ ನಿರ್ಧಾರ ತಪ್ಪು ನಿರ್ಧಾರವಾಗಿರಬೇಕೆಂದೇನೂ ಇಲ್ಲ. ದುಃಖವೂ ನಿರಾಳವೂ ಒಟ್ಟಿಗೇ ಇರಬಹುದು. ಅತ್ತುಬಿಟ್ಟಳು, ಆದ್ದರಿಂದ ಅವಳಿಗೆ ಇಷ್ಟವಿರಲಿಲ್ಲ ಎಂದು ನೋಡುವವರು ತೀರ್ಮಾನಿಸಬಾರದು.

ಗರ್ಭ ಮುಂದುವರಿಸುತ್ತೇನೆ, ಆದರೆ ಮಗುವನ್ನು ಸಾಕಲಾರೆ ಎನ್ನುವವರಿಗೂ ದಾರಿಯಿದೆ. 2015ರ ಬಾಲನ್ಯಾಯ ಕಾಯಿದೆಯಂತೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಒಪ್ಪಿಸಿದ ಮೇಲೂ ಮನಸ್ಸು ಬದಲಾದರೆ ಹಿಂದಕ್ಕೆ ಪಡೆಯಲು ಎರಡು ತಿಂಗಳ ಕಾಲಾವಕಾಶವಿದೆ. ತೊಟ್ಟಿಯ ಬಳಿ, ಗುಡಿಯ ಮೆಟ್ಟಿಲ ಮೇಲೆ ಬಿಡಬೇಕಾಗಿಲ್ಲ. ಯಾರದೋ ಮೂಲಕ ಕಾಗದಪತ್ರವಿಲ್ಲದೆ ಕೊಡಲೂಬೇಡಿ.

ಇನ್ನೊಂದು ಎಚ್ಚರಿಕೆ. ಹೆಣ್ಣೋ ಗಂಡೋ ಎಂದು ತಿಳಿದುಕೊಂಡು ಹೆಣ್ಣಾದರೆ ತೆಗೆಸುವುದು ಈ ಮಾತಿನಲ್ಲಿ ಸೇರುವುದಿಲ್ಲ. ಲಿಂಗಪತ್ತೆ 1994ರ ಕಾಯಿದೆಯ ಪ್ರಕಾರ ಅಪರಾಧ. ಹಾಗೆಯೇ ಹೆಂಗಸಿನ ಒಪ್ಪಿಗೆಯಿಲ್ಲದೆ ಗರ್ಭ ತೆಗೆಸುವುದೂ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 89ನೆಯ ಕಲಮಿನಂತೆ ಅದಕ್ಕೆ ಜೀವಾವಧಿಯವರೆಗೆ ಶಿಕ್ಷೆಯಿದೆ. ಇಟ್ಟುಕೋ ಎಂದು ಒತ್ತಾಯಿಸುವುದು ಹೇಗೆ ತಪ್ಪೋ, ತೆಗೆಸಿಕೋ ಎಂದು ಒತ್ತಾಯಿಸುವುದೂ ಹಾಗೆಯೇ ತಪ್ಪು.

ಈಗ ನಾಗಪುರದಲ್ಲಿ ಎಲ್ಲಿಗೆ ಹೋಗುವುದು? ಸರ್ಕಾರಿ ಆಸ್ಪತ್ರೆಗಳಿಗೆ ಈ ಸೇವೆಗೆಂದು ಬೇರೆ ಅನುಮತಿ ಬೇಕಾಗಿಲ್ಲ. ಡಾಗಾ ಸ್ಮಾರಕ ಸರ್ಕಾರಿ ಸ್ತ್ರೀ ಆಸ್ಪತ್ರೆ ಹೆಂಗಸರಿಗೆಂದೇ ಇರುವುದು. ಊರಿನವರು ಮೆಡಿಕಲ್ ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು, ಮೇಯೊ ಎಂದು ಕರೆಯುವ ಇಂದಿರಾ ಗಾಂಧಿ ಸರ್ಕಾರಿ ವೈದ್ಯಕೀಯ ಕಾಲೇಜು, ಇವೆರಡರಲ್ಲೂ ಸ್ತ್ರೀರೋಗ ವಿಭಾಗಗಳಿವೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಎಂಟಿಪಿ ಮಾನ್ಯತೆಯ ಪತ್ರ ಇದೆಯೇ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಭಾಷೆಯ ಬಗ್ಗೆ ಹೆದರಬೇಡಿ. ಗರ್ಭಪಾತ ಎಂಬ ಪದ ಮರಾಠಿಯಲ್ಲೂ ಅದೇ. ಮುಟ್ಟಿಗೆ ಅವರು ಪಾಳಿ ಎನ್ನುತ್ತಾರೆ. ಪಾಳಿ ಚುಕಲಿ ಎಂದರೆ ಮುಟ್ಟು ತಪ್ಪಿದೆ ಎಂದರ್ಥ. ವಾರಕ್ಕೆ ಆಠವಡಾ. ದಿವಸ ಗೇಲೇ ಎಂದು ನರ್ಸ್ ಕೇಳಿದರೆ, ದಿನ ಹೋಯಿತೇ ಎಂದಲ್ಲ, ಬಸಿರೇ ಎಂದು ಕೇಳುತ್ತಿದ್ದಾಳೆ. ಕೊನೆಯ ಮುಟ್ಟಿನ ತಾರೀಖು, ರಕ್ತದ ಗುಂಪು, ಹಿಂದಿನ ಹೆರಿಗೆ ಮತ್ತು ಸಿಸೇರಿಯನ್, ತೆಗೆದುಕೊಳ್ಳುತ್ತಿರುವ ಔಷಧ ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬೇಡಿ. ಅದರಿಂದ ಎಲ್ಲರಿಗೂ ಅಪಾಯವಾಗುತ್ತದೆ ಎಂದಲ್ಲ. ಸರಿಯಾದ ವಾರದಲ್ಲಿ, ಸರಿಯಾದ ಪ್ರಮಾಣದಲ್ಲಿ ಅದು ಒಳ್ಳೆಯ ವಿಧಾನವೇ. ಆದರೆ ಗರ್ಭ ನಾಳದಲ್ಲಿ ಕಟ್ಟಿದ್ದರೆ ಮಾತ್ರೆಯಿಂದ ಅದು ಹೋಗುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ರಕ್ತ ತೀರಾ ಕಡಿಮೆ ಇರುವವರಿಗೂ ಮಾತ್ರೆ ಒಗ್ಗದು. ಡಾಕ್ಟರರು ನೋಡಿಕೊಟ್ಟ ಮಾತ್ರೆಯಾದರೂ ಸುಮಾರು ಎರಡು ವಾರದ ನಂತರ ಮರುಪರೀಕ್ಷೆ ತಪ್ಪಿಸಬೇಡಿ. ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ಯುವಂತೆ ಎರಡು ಗಂಟೆ ಸತತ ರಕ್ತ ಹೋದರೆ, ಜ್ವರ ನಿಲ್ಲದಿದ್ದರೆ, ದುರ್ವಾಸನೆಯ ಸ್ರಾವವಾದರೆ, ತಡೆಯಲಾಗದ ಹೊಟ್ಟೆನೋವು ಅಥವಾ ತಲೆಸುತ್ತು ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಮಾತ್ರೆ ಎಲ್ಲಿಂದ ತಂದಿದ್ದರೂ ಸರಿ, ಡಾಕ್ಟರರಿಗೆ ನಿಜ ಹೇಳಿ. ಸುರಕ್ಷಿತವಾಗಿ ಮಾಡಿದ ಗರ್ಭಪಾತದಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ.

ಕನ್ನಡದಲ್ಲೇ ಮನಸ್ಸು ಬಿಚ್ಚಿ ಮಾತಾಡಬೇಕು ಎನ್ನುವವರಿಗೆ ಒಂದು ಒಳ್ಳೆಯ ಸುದ್ದಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿಮಾನಸ್ ಎಂಬ ಉಚಿತ ದೂರವಾಣಿ ಸೇವೆ ಶುರುಮಾಡಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ 14416. ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181. ಮಕ್ಕಳ ವಿಷಯವಾದರೆ 1098. ಕೋರ್ಟಿಗೆ ಹೋಗಬೇಕಾದರೆ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಅದಕ್ಕೆ 15100.

ಕೊನೆಯದಾಗಿ ಅವಳ ಪಕ್ಕದಲ್ಲಿರುವ ನಮಗೆ, ಅಂದರೆ ಗಂಡನಿಗೆ, ಅಕ್ಕನಿಗೆ, ಗೆಳತಿಗೆ, ಅತ್ತೆಗೆ ಎರಡು ಮಾತು. ಅವಳು ಹೇಳಿಕೊಂಡಾಗ ಮೊದಲು ಬರಬೇಕಾದದ್ದು ಹೇಗಾಯಿತು ಎಂಬ ಪ್ರಶ್ನೆಯಲ್ಲ, ನಿನಗೇನು ಬೇಕು ಎಂಬ ಪ್ರಶ್ನೆ. ನಿಮ್ಮ ಅಭಿಪ್ರಾಯ ಕೇಳಿದರೆ ಹೇಳಿ, ಕೇಳದಿದ್ದರೆ ಒಳಗೇ ಇರಲಿ. ಆಸ್ಪತ್ರೆಯ ಬೆಂಚಿನ ಮೇಲೆ ಜೊತೆಗೆ ಕುಳಿತುಕೊಳ್ಳಿ. ಮಕ್ಕಳನ್ನು ಶಾಲೆಯಿಂದ ಕರೆತನ್ನಿ. ಎರಡು ದಿನ ಅನ್ನ ಸಾರು ಮಾಡಿಕೊಡಿ. ಆಮೇಲೆ ಆ ವಿಷಯವನ್ನು ಯಾರ ಮುಂದೆಯೂ, ಯಾವ ಜಗಳದಲ್ಲೂ ಎತ್ತಬೇಡಿ. ಅವಳು ಉಳಿಸಿಕೊಳ್ಳುತ್ತೇನೆ ಎಂದರೂ ಇದೇ ಬೆಂಚು, ಇದೇ ಅನ್ನ ಸಾರು. ನೀವು ಹೇಳಿದಂತೆ ಮಾಡಿದರೆ ಮಾತ್ರ ನಿಮ್ಮ ಸಹಾಯ ಎಂದಾದರೆ ಅದು ಸಹಾಯವಲ್ಲ, ಷರತ್ತು.

ಇದನ್ನು ಓದುತ್ತಿರುವ ನೀವೇ ಆ ಸಂಕಟದಲ್ಲಿದ್ದರೆ, ಇವತ್ತು ಎರಡು ಕೆಲಸ ಮಾಡಿ ಸಾಕು. ಕೊನೆಯ ಮುಟ್ಟಿನ ತಾರೀಖು ನೋಡಿ ವಾರ ಎಣಿಸಿ. ನಂಬುವ ಒಬ್ಬರಿಗೆ ಹೇಳಿ. ಅಂಥವರು ಯಾರೂ ಇಲ್ಲವೆಂದರೆ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬೇಕು ಎನ್ನಿ. ಉಳಿದದ್ದನ್ನು ನಾಳೆ ಯೋಚಿಸಬಹುದು.